ಆಷಾಢದಾಗ ಐರಾಣಿ: ಗೋಕಾಕ, ಮೂಡಲಗಿ, ಹುಕ್ಕೇರಿಯ ಮೂರು ಗಡಿಗೆಗಳು

"ಅಣ್ಣಾ, ಶುಕ್ರವಾರ ರಜಾ ಹಾಕ್ತಿ? ನನಗ ಮೂರು ಗಡಿಗಿ ಬೇಕಾಗ್ಯಾವ."

ಚಿಕ್ಕಪ್ಪನ ಮಗಳ ಮೆಸೇಜ್ ಇದು. ಓದಿದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ ಬೆಳಗಿನ ಮೀಟಿಂಗ್‌ನಲ್ಲಿದ್ದೆ. ಗಡಿಗೆ ಬೇಕಾದರೆ ಬೆಂಗಳೂರಿನಲ್ಲೇ ಸಿಗುತ್ತಲ್ಲ, ಅದಕ್ಕೆ ನನ್ನ ರಜೆ ಯಾಕೆ ಅಂತ ಕೇಳಿದೆ. ಆಮೇಲೆ ವಿಷಯ ಬಿಡಿಸಿ ಹೇಳಿದಳು. ಅವಳು ಡಿಸೈನ್ ಓದುತ್ತಿದ್ದಾಳೆ, ಕೊನೆಯ ವರ್ಷ. ಸೆರಾಮಿಕ್ ಗಡಿಗೆಗಳಿಗೆ ಚಿತ್ರ ವಿನ್ಯಾಸ ಮಾಡಿ, ಕೈಯಿಂದಲೇ ಬಣ್ಣ ಬರೆದು, ಮೂರರ ಒಂದು ಸೆಟ್ ಒಪ್ಪಿಸಬೇಕು. ವಿಷಯ, ನಿಮ್ಮ ಊರಿನ ಕಡೆಯದ್ದು ಯಾವುದಾದರೂ. ಅವಳು ಆರಿಸಿಕೊಂಡಿದ್ದು ಘಟಪ್ರಭಾ ಸೀಮೆಯ ಮೂರು ತಾಲ್ಲೂಕು: ಗೋಕಾಕ, ಮೂಡಲಗಿ, ಹುಕ್ಕೇರಿ. ಒಂದೊಂದು ತಾಲ್ಲೂಕಿಗೆ ಒಂದು ಗಡಿಗೆ, ಅಲ್ಲಿಯದೇ ಮಣ್ಣು, ಅಲ್ಲಿಯದೇ ಚಿತ್ರ. ಪರೀಕ್ಷಕರ ಮುಂದೆ ಇಡಬೇಕಾದದ್ದು ಜುಲೈ ಕೊನೆಗೆ. ನಮಗಿದ್ದದ್ದು ಎರಡು ದಿನ ಮತ್ತು ಅಪ್ಪನ ಹಳೇ ಕಾರು.

ಬೆಳಗಾವಿಯಿಂದ ಹೊರಟಾಗ ಸಣ್ಣಗೆ ಮಳೆ. ಮಣ್ಣೆತ್ತಿನ ಅಮಾವಾಸ್ಯೆ ಆಗಿ ನಾಲ್ಕೈದು ದಿನ ಆಗಿತ್ತು. ತಂಗಿ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದಳು. ಪರದೆಯ ಮೇಲೆ ಮೂರು ಗಡಿಗೆ ಸಿದ್ಧ ಇದ್ದವು: ಒಂದರ ಮೇಲೆ ಜಲಪಾತ, ಇನ್ನೊಂದರ ಮೇಲೆ ಎತ್ತು, ಮತ್ತೊಂದರ ಮೇಲೆ ಗುಮ್ಮಟ. ನೋಡಲು ಚಂದ ಇದ್ದವು. "ಇನ್ನೇನು, ಕೆಲಸ ಮುಗೀತಲ್ಲ" ಅಂದೆ. ಕೆಲಸ ಶುರುವೇ ಆಗಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು.

ಗೋಕಾಕ: ಗಡಿಗಿ ತಿರುಗಸ, ಕೈ ಅಲ್ಲ

ಗೋಕಾಕ ಫಾಲ್ಸ್‌ಗೆ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಲ್ಲ. ಆದರೂ ಜುಲೈನಲ್ಲಿ ನೋಡಿದರೆ ಪ್ರತಿ ಸಲವೂ ಒಂದು ನಿಮಿಷ ಮಾತು ನಿಲ್ಲುತ್ತೆ. ಘಟಪ್ರಭಾ ಕುದುರೆ ಲಾಳದ ಆಕಾರದ ಬಂಡೆಯಿಂದ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತಾಳೆ. ಹೊಸ ಮಳೆಯ ನೀರು ಚಹಾದ ಬಣ್ಣ, ಕೆಲವು ಕಡೆ ಪೂರ್ತಿ ಕೆಂಪು. ಮೇಲೆ ತೂಗು ಸೇತುವೆ, ದಂಡೆಯಲ್ಲಿ ಹಳೆಯ ಕಲ್ಲಿನ ಮಹಾಲಿಂಗೇಶ್ವರ ಗುಡಿ, ಇದೇ ನೀರಿನ ಬಲದ ಮೇಲೆ ಓಡಿದ, 1885ರಲ್ಲಿ ಶುರುವಾದ ನೂಲಿನ ಗಿರಣಿ. ತಂಗಿ ಫೋಟೊ ತೆಗೆಯದೆ ನೀರನ್ನೇ ನೋಡುತ್ತಾ ನಿಂತಳು. "ನಾನು ನೀರಿಗೆ ನೀಲಿ ಬಣ್ಣ ಹಚ್ಚೀನಿ ಅಣ್ಣಾ" ಅಂದಳು. ಲ್ಯಾಪ್‌ಟಾಪ್‌ನಲ್ಲಿದ್ದ ಜಲಪಾತ ನೀಲಿ. ಕಣ್ಣ ಮುಂದಿದ್ದದ್ದು ಕೆಂಪು.

ಗೋಕಾಕಕ್ಕೆ ಬಣ್ಣದ ಕೆಲಸ ಹೊಸದಲ್ಲ. ಇಲ್ಲಿಯ ಬಣ್ಣದ ಆಟಿಗೆಗಳಿಗೆ, ಕೈಗೆ ತೆಗೆದುಕೊಂಡು ಮೂಸಿ ನೋಡಬೇಕು ಅನ್ನಿಸುವಂಥ ಹಣ್ಣು-ಕಾಯಿಗಳಿಗೆ ಹಳೇ ಹೆಸರಿದೆ. ನಮ್ಮ ಮನೆಯ ಶೋಕೇಸಿನಲ್ಲೂ ಒಂದು ಬಾಳೆಹಣ್ಣು ಇತ್ತು. ನಾನು ಸಣ್ಣವನಿದ್ದಾಗ ಅದನ್ನು ಕಚ್ಚಿ ನೋಡಿದ ಹಲ್ಲಿನ ಗುರುತು ಈಗಲೂ ಅದರ ಮೇಲಿದೆ. ಆದರೆ ತಂಗಿಗೆ ಬೇಕಿದ್ದದ್ದು ಗಡಿಗೆ. ಒಂದು ಕರದಂಟಿನ ಅಂಗಡಿಯಲ್ಲಿ ವಿಚಾರಿಸಿದೆವು. ಅವರು ನದಿ ದಂಡೆಯ ಒಂದು ಊರಿನ ಕುಂಬಾರ ಓಣಿಯ ದಾರಿ ಹೇಳಿದರು.

ಅಲ್ಲಿ ಸಿಕ್ಕವರು ಎಂಬತ್ತರ ಹತ್ತಿರದ ಒಬ್ಬ ಆಯಿ. ಕಟ್ಟೆಯ ಮೇಲೆ ಕೂತು ಗುಳ್ಳವ್ವನ್ನ ಮಾಡುತ್ತಿದ್ದರು. ಆಷಾಢದ ಮಂಗಳವಾರಗಳಲ್ಲಿ ನಮ್ಮ ಕಡೆ ಹೆಣ್ಣುಮಕ್ಕಳು ಪೂಜೆ ಮಾಡುವ ಮಣ್ಣಿನ ಗುಳ್ಳವ್ವ. ತಿಗರಿ ಮೂಲೆಯಲ್ಲಿ ನಿಂತಿತ್ತು. ಮಳೆಗಾಲದಲ್ಲಿ ಹಸಿ ಗಡಿಗೆ ಒಣಗೋದಿಲ್ಲ, ಆವಿಗೆಗೆ ಹಾಕುವ ಕುಳ್ಳು, ಕಟ್ಟಿಗೆ ಎಲ್ಲಾ ಹಸಿ. ಹಾಗಾಗಿ ಬೇಸಿಗೆಯಲ್ಲಿ ಸುಟ್ಟಿಟ್ಟ ಗಡಿಗೆಗಳನ್ನೇ ಈಗ ಮಾರುವುದು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದೊಳಗೆ ನೀರು ಬಂದು, ಲೋಳಸೂರ ಸೇತುವೆ ಮುಳುಗಿದ್ದು ನಮಗೆಲ್ಲ ನೆನಪಿದೆ. ಆಯಿಯ ಮನೆಯಲ್ಲಿ ಆ ವರ್ಷ ಗೋಡೆಯ ಜೊತೆ ಕೂಡಿಟ್ಟಿದ್ದ ಗಡಿಗೆಗಳೆಲ್ಲ ಹೋದವಂತೆ. "ಮಣ್ಣ ಕೊಟ್ಟಾಕಿನೂ ಆಕಿನ, ತಗೊಂಡಾಕಿನೂ ಆಕಿನ" ಅಂತ ನದಿಯ ಕಡೆ ಕೈ ಮಾಡಿದರು. ಆ ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ.

ತಂಗಿ ಲ್ಯಾಪ್‌ಟಾಪ್ ತೋರಿಸಿದಳು. ಆಯಿ ಕಣ್ಣು ಸಣ್ಣದು ಮಾಡಿ ನೋಡಿ, "ಐರಾಣಿ ಬರದಂಗ ಬರೀತಿ ಏನು?" ಅಂದರು.

ಐರಾಣಿ! ಈ ಶಬ್ದ ಕೇಳಿ ಎಷ್ಟು ದಿನ ಆಗಿತ್ತು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಉತ್ತರ ಕರ್ನಾಟಕದ ಮದುವೆಗಳಲ್ಲಿ ಹೆಣ್ಣುಮಕ್ಕಳು ವಾಲಗದ ಜೊತೆ, ಹಾಡು ಹೇಳುತ್ತಾ ಕುಂಬಾರರ ಮನೆಗೆ ಹೋಗಿ, ಕುಂಬಾರ್ತಿಗೆ ಉಡಿ ತುಂಬಿ, ಚಿತ್ರ ಬರೆದ ಗಡಿಗೆಗಳನ್ನು ಮೆರವಣಿಗೆಯಲ್ಲಿ ತರುತ್ತಾರೆ. ಅದೇ ಐರಾಣಿ ಗಡಿಗೆ. ಸುಣ್ಣ, ಕೆಮ್ಮಣ್ಣು, ಅಲ್ಲಲ್ಲಿ ಹಸಿರು. ಗೆರೆ, ಚುಕ್ಕೆ, ಬಳ್ಳಿ. ಒಂದೊಂದು ಊರಲ್ಲಿ ಒಂದೊಂದು ಪದ್ಧತಿ. ದೇವರ ಮುಂದೆ ಅವು ಕೂತ ಮೇಲೇ ಮದುವೆ ಮನೆಗೆ ಕಳೆ. ನಾವು ಬೆಂಗಳೂರಿನಲ್ಲಿ 'ಕೈಯಿಂದ ಬರೆದ ಚಿತ್ರದ ಮಡಕೆ' ಅಂತ ಸಾವಿರಗಟ್ಟಲೆ ಕೊಟ್ಟು ಕೊಳ್ಳುವುದಕ್ಕೆ ನಮ್ಮ ಅಜ್ಜಿಯಂದಿರ ಬಳಿ ಹೆಸರೂ ಇತ್ತು, ಹಾಡೂ ಇತ್ತು.

ಸುಟ್ಟ ಮಣ್ಣಿನ ಮೇಲೆ ಗೆರೆ ಎಳೆಯುವ ಈ ಚಟ ಬಹಳ ಹಳೆಯದು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ, ಕೆಂಪು ಲೇಪದ ಪಾತ್ರೆಗಳ ಮೇಲೆ ಬಿಳಿ ಗೆರೆಗಳ ಚಿತ್ತಾರ ಸಿಕ್ಕಿತ್ತು. ಸುಮಾರು 2000 ವರ್ಷ ಹಿಂದಿನವು. ಕೆಂಪಿನ ಮೇಲೆ ಬಿಳಿ. ಆಯಿಯ ಬಣ್ಣಗಳೂ ಅವೇ.

ತಂಗಿ ಖುಷಿಯಿಂದ, "ಆಯಿ, ನನಗೊಂದು ಐರಾಣಿ ಬರದು ಕೊಡ್ರಿ" ಅಂದಳು.

"ಆಷಾಢದಾಗ ಯಾರ ಮದುವಿ ಹೂಡೀರಿ?" ಆಯಿ ನಕ್ಕರು.

"ಮದುವಿ ಅಲ್ರಿ, ಕಾಲೇಜಿಂದು ಪ್ರಾಜೆಕ್ಟ್."

"ಹಂಗಾರ ಅದು ಐರಾಣಿ ಅಲ್ಲ ಬಿಡವ್ವಾ. ಐರಾಣಿ ಅಂದ್ರ ಒಂದು ಮನಿಗೆ, ಒಂದು ಮದುವಿಗೆ. ಸುಮ್ಮನ ಬರದಿಡೂದಲ್ಲ."

ದುಡ್ಡು ಎಷ್ಟಾದರೂ ಕೊಡುತ್ತೇವೆ ಅಂತ ನಾನು ನಡುವೆ ಬಾಯಿ ಹಾಕಿದೆ. ಆಯಿ ನನ್ನ ಕಡೆ ನೋಡಲೇ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, ಹಿತ್ತಲಿನಿಂದ ಒಡೆದ ಗಡಿಗೆಯ ಬೋಕಿಯೊಂದನ್ನು ತಂದರು. ಕಡ್ಡಿಗೆ ಅರಿವಿ ಸುತ್ತಿ, ಸುಣ್ಣದ ತಿಳಿಯಲ್ಲಿ ಅದ್ದಿ, ಬೋಕಿಯ ಮೇಲೆ ಗೆರೆ ಎಳೆದರು. ಕೈ ನಡುಗುತ್ತಿತ್ತು, ಗೆರೆ ಮಾತ್ರ ನೆಟ್ಟಗೆ. ಹೇಗೆ ಅಂತ ನೋಡಿದರೆ, ಕೈ ಮೊಳಕಾಲಿಗೆ ಊರಿ ನಿಂತಲ್ಲೇ ನಿಂತಿದೆ, ಎಡಗೈಯಲ್ಲಿ ಬೋಕಿ ತಿರುಗುತ್ತಿದೆ. "ಗಡಿಗಿ ತಿರುಗಸ. ಕೈ ತಿರುಗಸಬ್ಯಾಡ" ಅಂದರು.

ತಂಗಿಯ ಲ್ಯಾಪ್‌ಟಾಪ್ ಚಿತ್ರದ ದೋಷ ಆವಾಗ ನಮಗೆ ಹೊಳೆಯಿತು. ಅವಳು ಬರೆದದ್ದು ಸಪಾಟು ಹಾಳೆಯ ಮೇಲೆ. ಗಡಿಗೆಯ ಹೊಟ್ಟೆ ಹಾಳೆಯಲ್ಲ. ಭೂಗೋಳವನ್ನು ನಕ್ಷೆ ಮಾಡಿದಾಗ ಗ್ರೀನ್‌ಲ್ಯಾಂಡ್ ಊದಿಕೊಳ್ಳುವ ಹಾಗೆ, ನಡುವಿಗೆ ಸರಿ ಕೂತ ಚಿತ್ರ ಕಂಠಕ್ಕೆ ಬಂದಾಗ ಮುದುಡಿ, ಮಡಿಕೆ ಬೀಳುತ್ತೆ. ಆಯಿಯ ಗೆರೆಗಳು ಕಂಠದಿಂದ ಇಳಿಯುತ್ತಾ ಒಂದರಿಂದೊಂದು ತಾವಾಗಿಯೇ ದೂರ ಸರಿಯುತ್ತಿದ್ದವು. ಕೆಂಪು ಬಂಡೆಯಿಂದ ಇಳಿಯುವ ಬಿಳಿ ನೀರು. ಬೆಳಗ್ಗೆ ನೋಡಿದ ಫಾಲ್ಸ್ ಅದೇ ಅಲ್ಲವೇ!

120 ರೂಪಾಯಿಗೆ ಒಂದು ಕೆಂಪು ಗಡಿಗೆ ಕೊಂಡೆವು. ಬೋಕಿಗೆ ದುಡ್ಡು ಬೇಡ ಅಂದರು. ಹೊರಡುವಾಗ ಮೂಡಲಗಿಗೆ ಹೋಗುತ್ತೇವೆ ಅಂದಾಗ ಒಂದು ಮಾತು ಹೇಳಿದರು: "ಆ ಕಡೆ ಎರಿ ಮಣ್ಣು. ಸುಣ್ಣದ ಹಳ್ಳ ಇರ್ತಾವ ಅದರಾಗ. ನೋಡಿ ತಗೋರಿ." ಮಣ್ಣು ಮಣ್ಣೇ ತಾನೆ ಅಂತ ನಾನು ಕಾರು ಶುರು ಮಾಡಿದೆ.

ಮೂಡಲಗಿ: ಕರಿ ಮಣ್ಣು, ಬಣ್ಣದ ರಾತ್ರಿ

ಮೂಡಲಗಿ ಮೊನ್ನೆ ಮೊನ್ನೆಯವರೆಗೆ ಗೋಕಾಕ ತಾಲ್ಲೂಕಿನಲ್ಲೇ ಇತ್ತು, ಈಗ ತನ್ನದೇ ತಾಲ್ಲೂಕು. ಫಾಲ್ಸ್‌ನ ಬಂಡೆ, ಗುಡ್ಡ ಹಿಂದೆ ಬೀಳುತ್ತಿದ್ದಂತೆ ನೆಲ ಚಪ್ಪಟೆಯಾಗಿ ಕರ್ರಗಾಗುತ್ತೆ. ಕಣ್ಣು ಹಾಯುವಷ್ಟು ದೂರ ಕಬ್ಬು, ಗೋವಿನಜೋಳ, ಅರಿಶಿನ. ಟ್ರ್ಯಾಕ್ಟರ್ ಗಾಲಿಯಿಂದ ಉದುರಿದ ಎರೆ ಮಣ್ಣು ಡಾಂಬರಿನ ಮೇಲೆ ಚಪಾತಿಯಂತೆ ಅಂಟಿಕೊಂಡಿತ್ತು. ಅಮಾವಾಸ್ಯೆಗೆ ಮಾಡಿದ ಮಣ್ಣಿನ ಎತ್ತುಗಳು ಮನೆಗಳ ಜಗಲಿಯ ಮೇಲೆ ಇನ್ನೂ ಕೂತಿದ್ದವು. ಕೊಂಬಿಗೆ ಬಣ್ಣ, ಮೈಮೇಲೆ ಜೋಳದ ಕಾಳಿನ ಅಲಂಕಾರ. ಯಾವ ಡಿಸೈನ್ ಕಾಲೇಜಿಗೂ ಹೋಗದ ಮಕ್ಕಳು ಮಾಡಿದ್ದು.

ಎತ್ತೇ ಬರೆಯಬೇಕು ಅಂತ ಹೊರಟವಳ ಮನಸ್ಸು ಅಲ್ಲೊಂದು ಚಹಾದಂಗಡಿಯಲ್ಲಿ ಬದಲಾಯಿತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, "ಎತ್ತು ಎಲ್ಲಾ ಕಡೆ ಅದಾವ್ರಿ, ಪಾರಿಜಾತ ಎಲ್ಲೈತಿ?" ಅಂದರು. ಶ್ರೀಕೃಷ್ಣ ಪಾರಿಜಾತ! ಆ ಆಟ ಕಟ್ಟಿದ ಕುಲಗೋಡ ತಮ್ಮಣ್ಣನ ಊರು ಕುಲಗೋಡ ಇದೇ ಸೀಮೆಯದು. ಅದನ್ನು ರಂಗದ ಮೇಲೆ ಮೆರೆಸಿದ ಕೌಜಲಗಿ ನಿಂಗಮ್ಮ ಹತ್ತಿರದ ಕೌಜಲಗಿಯವರು. ಹೆಣ್ಣುಮಕ್ಕಳು ಬಯಲಾಟದ ಅಟ್ಟ ಹತ್ತುವುದೇ ದೊಡ್ಡ ಮಾತಾಗಿದ್ದ ಕಾಲದಲ್ಲಿ ಹೆಸರು ಮಾಡಿದವರು. ಸತ್ಯಭಾಮೆಯ ಸಿಟ್ಟು, ದೂತಿಯ ಕುಚೋದ್ಯ, ಕೊರವಂಜಿ ವೇಷ ಹಾಕಿ ಬರುವ ಕೃಷ್ಣ, ತಲೆಯ ಮೇಲೆ ಗಡಿಗೆ ಇಟ್ಟು ಬರುವ ಗೊಲ್ಲತಿ. ಆ ಹಿರಿಯರು ಗೊಲ್ಲತಿಯ ನಡಿಗೆಯನ್ನು ಬೆಂಚಿನ ಮೇಲೆ ಕೂತೇ, ಬರೀ ಭುಜದಲ್ಲಿ ತೋರಿಸಿದರು. ಅಂಗಡಿಯವನು ಚಹಾ ಸೋಸುವುದನ್ನು ನಿಲ್ಲಿಸಿ ನೋಡಿದ. ತಂಗಿ ಪೆನ್ಸಿಲ್ ತೆಗೆದಳು. ಗಡಿಗೆಯ ಮೇಲೆ ಗಡಿಗೆ ಹೊತ್ತ ಗೊಲ್ಲತಿ, ತಿರುಗಿಸಿದಂತೆ ಹಿಂದಿನಿಂದ ಕೃಷ್ಣ, ಇನ್ನೂ ತಿರುಗಿಸಿದರೆ ಬಾಗಿಲಲ್ಲಿ ಮುಖ ತಿರುಗಿಸಿ ಕೂತ ಸತ್ಯಭಾಮೆ. ಆಟ ರಾತ್ರಿಯೆಲ್ಲ ನಡೆದು ಬೆಳಗಾಗುವಂತೆ, ಗಡಿಗೆ ಒಂದು ಸುತ್ತು ಬಂದರೆ ಕಥೆ ಮುಗಿಯಬೇಕು.

ಇಲ್ಲಿ ಗಡಿಗೆ ಆರಿಸಿದವನು ನಾನು. ಕುಂಬಾರರ ಮನೆಯಲ್ಲಿ ಸಾಲಾಗಿ ಇಟ್ಟಿದ್ದರಲ್ಲಿ ಎಲ್ಲಕ್ಕಿಂತ ದುಂಡಗಿದ್ದ, ಮೈ ನುಣುಪಾಗಿದ್ದದ್ದನ್ನು ಎತ್ತಿಕೊಂಡೆ. ಬೆರಳಿನಿಂದ ಬಾರಿಸಿದರೆ ಟಣ್ ಅಂದಿತು. ಕುಂಬಾರ ಗುಂಡಯ್ಯ ಗಡಿಗೆ ಬಾರಿಸಿದಾಗ ಶಿವನೇ ಬಂದು ಕುಣಿದನಂತೆ ಅನ್ನೋ ಕಥೆ ತಂಗಿಗೆ ಹೇಳಿ, ನಾನೂ ಸ್ವಲ್ಪ ಬಾರಿಸಿದೆ. ಶಿವ ಬರಲಿಲ್ಲ. ಆಯಿಯ ಮಾತೂ ನೆನಪಿಗೆ ಬರಲಿಲ್ಲ.

ಹುಕ್ಕೇರಿ: ತಳ ಕೊಯ್ದವರು ಯಾರು?

ಮರುದಿನ ಘಟಪ್ರಭಾ ದಾಟಿ ಹುಕ್ಕೇರಿ. ಹೂವಿನ ಕೇರಿಯೇ ಹುಕ್ಕೇರಿ ಆಯಿತು, ಇಲ್ಲಿಯ ಹೂವು ಬಿಜಾಪುರದ ಸುಲ್ತಾನರಿಗೆ ಹೋಗುತ್ತಿತ್ತು ಅಂತ ಊರವರು ಹೇಳುತ್ತಾರೆ. ಆದಿಲ್‌ಶಾಹಿ ಕಾಲದ ಗುಮ್ಮಟಗಳು ಊರಿಗೆ ಆತು ನಿಂತಿವೆ. ಬಿಜಾಪುರದ ಗೋಳಗುಮ್ಮಟದಂತೆ ಕತ್ತೆತ್ತಿ ನೋಡುವಂಥವಲ್ಲ; ಪಕ್ಕದ ಮನೆಯವರಂತೆ ಇವೆ. ಮಳೆ ಬಿಟ್ಟಿತ್ತು. ಒಳಗೆ ಪಾರಿವಾಳದ ಸದ್ದು, ಹಸಿ ಕಲ್ಲಿನ ವಾಸನೆ. ಇಲ್ಲೇ ಒಂದು ತಾಸು ಹೋಯಿತು. ಹಿಡಕಲ್ ಅಣೆಕಟ್ಟೆ ನೋಡುವ ಆಸೆಯನ್ನು ಮುಂದಿನ ಸಲಕ್ಕೆ ಇಟ್ಟುಕೊಂಡೆವು. ಘಟಪ್ರಭೆಯನ್ನು ತಡೆದು ನಿಲ್ಲಿಸಿರುವ 51 ಟಿಎಂಸಿಯ ರಾಜಾ ಲಖಮಗೌಡ ಜಲಾಶಯ ಈ ತಾಲ್ಲೂಕಿನದೇ.

ಮೂರನೇ ಗಡಿಗೆ ಸಿಕ್ಕಿದ್ದು ರಸ್ತೆ ಬದಿಯಲ್ಲಿ. ನಲವತ್ತರ ಆಸುಪಾಸಿನ ಕುಂಬಾರರು, ಕರೆಂಟಿನ ತಿಗರಿ. ಹೂವಿನ ಕುಂಡ, ಹಣತೆ, ನಳ ಹಚ್ಚಿದ ನೀರಿನ ಗಡಿಗೆ ಮಾರುತ್ತಾರೆ. ಕೆಲವು ಗಡಿಗೆಗಳಿಗೆ ಎಣ್ಣೆ ಬಣ್ಣದಲ್ಲಿ ಗುಲಾಬಿ ಬರೆದಿದ್ದರು. "ಇದರಾಗ ನೀರು ತಂಪ ಆಗೂದಿಲ್ರಿ, ಆದ್ರ ಗಿರಾಕಿ ಇದನ್ನ ಕೇಳ್ತಾರ" ಅಂದರು. ಸರಿಯಾದ ಮಾತು. ಗಡಿಗೆಯ ಮೈಯಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳಿಂದ ನೀರು ಜಿನುಗಿ, ಆವಿಯಾಗಿ, ಉಳಿದದ್ದನ್ನು ತಂಪು ಮಾಡುತ್ತೆ. ಬಣ್ಣ ಬಳಿದರೆ ರಂಧ್ರ ಮುಚ್ಚಿತು. ಸುಣ್ಣ, ಕೆಮ್ಮಣ್ಣಿಗೆ ಆ ತೊಂದರೆ ಇಲ್ಲ.

ತಂಗಿಯ ಗುಮ್ಮಟದ ಚಿತ್ರ ನೋಡಿ ಅವರು ಜೋರಾಗಿ ನಕ್ಕರು. "ಗಡಿಗಿ ಮ್ಯಾಲ ಗುಮ್ಮಟ ಯಾಕ ಬರೀತೀರಿ? ಗಡಿಗಿ ಬೋರಲ ಹಾಕ್ರಿ, ಅದ ಗುಮ್ಮಟ!" ಹಾಕಿ ತೋರಿಸಿದರು. ನಿಜಕ್ಕೂ ಗುಮ್ಮಟವೇ. ಬಾಯಿಯ ಅಂಚಿನ ಸುತ್ತ ಹೂವಿನ ದಳ ಬರೆದರೆ ಹೂವಿನ ಕೇರಿಯೂ ಬಂತು. ಎರಡು ದಿನದಲ್ಲಿ ತಂಗಿಯ ಮೂರೂ ಚಿತ್ರ ಬದಲಾಗಿದ್ದವು. ಮೂರನ್ನೂ ಬದಲಿಸಿದ್ದು ಬೇರೆಯವರು.

ದುಡ್ಡು ಕೊಡುವಾಗ ಅವರು ಕೇಳಿದರು: "ಇದರ ಮ್ಯಾಲ ನಿಮ್ಮ ಹೆಸರ ಬರೀತೀರೇನ್ರಿ ಅಕ್ಕಾರ?"

"ಹೌದ್ರಿ, ತಳದಾಗ ಸಹಿ ಮಾಡ್ಬೇಕು. ಕಾಲೇಜಿನ ನಿಯಮ."

ಅವರು ಗಡಿಗೆ ತಿರುಗಿಸಿ ತಳ ತೋರಿಸಿದರು. ತಿಗರಿಯಿಂದ ದಾರದಲ್ಲಿ ಕೊಯ್ದು ಬಿಡಿಸಿದ ಗುರುತು, ಬಸವನ ಹುಳದ ಚಿಪ್ಪಿನಂಥ ಸುರುಳಿ. "ತಳ ಕೊಯ್ದಾವ ನಾನು, ಸಹಿ ನಿಮ್ದು" ಅಂದು ನಕ್ಕರು.

ಜಗಳದ ಧಾಟಿ ಅಲ್ಲ. ಆದರೂ ವಾಪಸ್ ಬರುವಾಗ ಹೆದ್ದಾರಿಯಲ್ಲಿ ನಾವಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಯಾರೋ ಬರೆದು ಬಿಟ್ಟ ಕೋಡ್ ತಗೊಂಡು ಬಳಸಬಹುದು, ಆದರೆ ಬರೆದವರ ಹೆಸರಿರುವ ಲೈಸೆನ್ಸ್ ಫೈಲ್ ಅಳಿಸುವ ಹಾಗಿಲ್ಲ. ಅಳಿಸಿದರೆ ಕಳ್ಳತನ. ಹಾಗಾದರೆ ಆಯಿಯ ಗೆರೆ? ಚಹಾದಂಗಡಿಯ ಹಿರಿಯರ ಗೊಲ್ಲತಿ? ಈ ಸುರುಳಿ?

ಇನ್ನೊಂದು ವಿಷಯ ನಾನು ತಂಗಿಗೆ ಅವತ್ತೇ ಹೇಳಿದೆ. ಎರಡು ವರ್ಷದ ಹಿಂದೆ ನನ್ನ ಮದುವೆಗೆ ಐರಾಣಿ ತರಲು ಯಾರಿಗೂ ಪುರುಸೊತ್ತು ಇರಲಿಲ್ಲ. ನಾನೇ ಪೇಟೆಯಿಂದ ಬಣ್ಣ ಹಚ್ಚಿದ ಸ್ಟೀಲ್ ಕೊಡ ತಂದಿಟ್ಟಿದ್ದೆ. ನಮ್ಮಜ್ಜಿ ಅವನ್ನು ಒಂದು ಸಲ ಮುಟ್ಟಿ ನೋಡಿ, ಸುಮ್ಮನೆ ಹೋಗಿ ಕೂತಿದ್ದಳು. ಅಜ್ಜಿ ಯಾಕೆ ಸುಮ್ಮನಾದಳು ಅಂತ ಅವತ್ತು ನಾನು ಕೇಳಿರಲಿಲ್ಲ.

ಕೊನೆಗೆ ಏನಾಯಿತು

ಬೆಂಗಳೂರಿಗೆ ಹೋಗಿ ತಂಗಿ ಮೂರೂ ಗಡಿಗೆಗೆ ಚಿತ್ರ ಬರೆದಳು. ಗಡಿಗೆ ತಿರುಗಿಸಿ, ಕೈ ತಿರುಗಿಸದೆ. ಸೆರಾಮಿಕ್ ಬಣ್ಣ ಅಂದರೆ ಹೆಚ್ಚಾಗಿ ಲೋಹದ ಆಕ್ಸೈಡ್‌ಗಳು: ಕಬ್ಬಿಣದಿಂದ ಕೆಂಪು-ಕಂದು, ಕೋಬಾಲ್ಟ್‌ನಿಂದ ನೀಲಿ, ತಾಮ್ರದಿಂದ ಹಸಿರು. ಅದರ ಮೇಲೆ ಪಾರದರ್ಶಕ ಗ್ಲೇಜ್ ಹಚ್ಚಿ ಕಾಲೇಜಿನ ಭಟ್ಟಿಯಲ್ಲಿ ಸುಮಾರು 1000 ಡಿಗ್ರಿಗೆ ಎರಡನೇ ಸಲ ಸುಟ್ಟಳು. ಮೂರೂ ಚಂದ ಹೊರಬಂದವು. ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಕೂಗಾಡಿದೆವು.

ನಾಲ್ಕನೇ ದಿನ ಮೂಡಲಗಿಯ ಗಡಿಗೆ ಮೈಮೇಲಿಂದ ಕಾಸಿನಗಲದ ಚಕ್ಕೆಗಳು ಹಾರತೊಡಗಿದವು. ಒಂದು ಚಕ್ಕೆ ಸತ್ಯಭಾಮೆಯ ಕೆನ್ನೆಯ ಮೇಲಿಂದಲೇ. ಪ್ರತಿ ಕುಳಿಯ ಒಳಗೂ ಒಂದು ಬಿಳಿ ಕಾಳು. ಸುಣ್ಣದ ಹಳ್ಳು! ಕಡಿಮೆ ಉರಿಯ ಆವಿಗೆಯಲ್ಲಿ ಅದು ಕಲ್ಲಾಗಿಯೇ ಸುಮ್ಮನೆ ಕೂತಿತ್ತು. ನಾವು ಹೆಚ್ಚು ಉರಿಯಲ್ಲಿ ಸುಟ್ಟಾಗ ಸುಟ್ಟ ಸುಣ್ಣವಾಯಿತು. ಆಮೇಲೆ ಗಾಳಿಯ ತೇವ ಕುಡಿದು ಅರಳಿತು. ಜಾಗ ಸಾಲದೆ ಮೇಲಿನ ಮಣ್ಣನ್ನು ಒದ್ದು ಹೊರಬಂತು. ಗಡಿಗೆ ಮಾಡಿದವರ ತಪ್ಪಲ್ಲ; ಅವರು ಅದನ್ನು 1000 ಡಿಗ್ರಿಗೆ ಮಾಡಿರಲಿಲ್ಲ. ಆಯಿ ಮೊದಲೇ ಹೇಳಿದ್ದರು, ಇಂಜಿನಿಯರ್ ಕೇಳಿಸಿಕೊಂಡಿರಲಿಲ್ಲ.

ಹೊಸದು ಮಾಡಲು ಸಮಯ ಇರಲಿಲ್ಲ. ತಂಗಿ ಒಂದು ಇಡೀ ರಾತ್ರಿ ಅತ್ತಳು. ಬೆಳಗ್ಗೆ ಫೋನ್ ಮಾಡಿ, "ಅಣ್ಣಾ, ಹಂಗ ಇಡ್ತೀನಿ" ಅಂದಳು. ಹಾಗೇ ಇಟ್ಟಳು. ಕುಳಿಗಳನ್ನು ಮುಚ್ಚದೆ, ಕಾರಣ ಬರೆದ ಚೀಟಿಯ ಜೊತೆ. ಪ್ರತಿ ಗಡಿಗೆಯ ತಳದಲ್ಲಿ ಎರಡು ಹೆಸರು: ತಿಗರಿ ತಿರುಗಿಸಿದವರದ್ದು ಮೊದಲು, ಬರೆದವಳದ್ದು ಆಮೇಲೆ. ಅದಕ್ಕೆ ಮೂವರಿಗೂ ಫೋನ್ ಮಾಡಿ ಒಪ್ಪಿಗೆ ಕೇಳಿದ್ದಳು. ನಾಲ್ಕನೆಯದಾಗಿ ಆಯಿಯ ಬೋಕಿ ಇಟ್ಟಿದ್ದಳು, ಅದರ ಮೇಲೆ ತನ್ನ ಹೆಸರಿಲ್ಲದೆ. ಮಾರ್ಕ್ಸ್ ಮಧ್ಯಮ ಬಂತು. ಎಲ್ಲರೂ ಹೆಚ್ಚು ಹೊತ್ತು ನಿಂತು ನೋಡಿದ್ದು ಮಾತ್ರ ಕುಳಿ ಬಿದ್ದ ಗಡಿಗೆ ಮತ್ತು ಬೋಕಿಯನ್ನಂತೆ.

ಕಾರ್ತಿಕ ಮುಗಿಯುವ ಹೊತ್ತಿಗೆ ನಾವು ಮತ್ತೆ ಆ ಕುಂಬಾರ ಓಣಿಗೆ ಹೋದೆವು. ಈ ಸಲ ನಮ್ಮಜ್ಜಿಯೂ ಜೊತೆಗಿದ್ದಳು. ಆಯಿ ತಂಗಿಯ ಗುರುತು ಹಿಡಿದು, "ಮತ್ತ ಪ್ರಾಜೆಕ್ಟ್ ಏನು?" ಅಂದರು.

"ಇಲ್ರಿ ಆಯಿ. ತಮ್ಮನ ಮದುವಿ ಐತಿ."

"ಹಂಗ ಬಾ ದಾರಿಗೆ" ಅಂತ ಆಯಿ ಸುಣ್ಣದ ಮಗಿ ಹುಡುಕಲು ಎದ್ದರು. ನಮ್ಮಜ್ಜಿ ಕಟ್ಟೆಯ ಮೇಲೆ ಕೂತು, ಗಡಿಗೆಗಳನ್ನು ಒಂದೊಂದಾಗಿ ಬಾರಿಸಿ ನೋಡಲು ಶುರು ಮಾಡಿದಳು.

ನೀವು ಹೋಗುವುದಾದರೆ: ಫಾಲ್ಸ್‌ಗೆ ಜುಲೈನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ, ನೀರು ಹೆಚ್ಚಿದ್ದಾಗ ಬಂಡೆಯ ಅಂಚಿಗೆ ಹೋಗಬೇಡಿ. ರೈಲಿನಲ್ಲಿ ಬರುವವರಿಗೆ ಗೋಕಾಕ ರೋಡ್, ಘಟಪ್ರಭಾ ನಿಲ್ದಾಣಗಳಿವೆ. ಗಡಿಗೆ ಕೊಳ್ಳುವವರು ಬೇಸಿಗೆಯಲ್ಲಿ ಹೋಗಿ, ಆವಿಗೆ ತೆಗೆಯುವುದನ್ನೂ ನೋಡಬಹುದು. ಕೊಂಡ ಮೇಲೆ ಹೆಸರು ಕೇಳಿಕೊಂಡು ಬನ್ನಿ. ಕರದಂಟು ಮರೆಯಬೇಡಿ. ಮೂಡಲಗಿ ಕಡೆ ಮಣ್ಣಿನ ಬಗ್ಗೆ ಯಾರಾದರೂ ಹಿರಿಯರು ಏನಾದರೂ ಹೇಳಿದರೆ, ಕಾರು ಶುರು ಮಾಡುವ ಮೊದಲು ಪೂರ್ತಿ ಕೇಳಿಸಿಕೊಳ್ಳಿ.